ಮುಂದೆ ಹೋಗಿ, ಗುಹೆ ಖಾಲಿ ಇದೆ

ಸಮುದ್ರದಲ್ಲಿ ಸಾಲು ನಿಲ್ಲಬಹುದು ಎಂದು ನನಗೆ ಗೊತ್ತಿರಲಿಲ್ಲ. ಸಾಲು ಎಂದರೆ ಕಾಲ ಕೆಳಗೆ ನೆಲ ಬೇಕು, ಕಣ್ಣೆದುರು ಯಾರದೋ ಬೆನ್ನು ಬೇಕು, ಪಕ್ಕೆಗೆ ಯಾರದೋ ಮೊಣಕೈ ಬೇಕು ಅಂದುಕೊಂಡಿದ್ದೆ. ನೆಲ ಇಲ್ಲದಿದ್ದರೂ ನಡೆಯುತ್ತದೆ. ಮಿಕ್ಕ ಎರಡು ಇದ್ದರೆ ಸಾಲು ತಾನಾಗೇ ತೇಲುತ್ತದೆ.

ಇದು ಗೊತ್ತಾದದ್ದು ಜಪಾನಿನ ಓಕಿನಾವಾದಲ್ಲಿ. ಅಲ್ಲಿನ ಮುಖ್ಯ ಪಟ್ಟಣ ನಾಹಾದಿಂದ ಕಾರಿನಲ್ಲಿ ಹೆಚ್ಚು ಕಡಿಮೆ ಒಂದು ಗಂಟೆ ಹೋದರೆ ಒನ್ನಾ ಎಂಬ ಗ್ರಾಮ. ಅಲ್ಲಿ ಮಾಎದ ಎಂಬ ಭೂಶಿರ. ಅದರ ಬುಡದಲ್ಲಿ ಸಮುದ್ರಕ್ಕೆ ಬಾಯಿ ತೆರೆದ ಒಂದು ಸುಣ್ಣಕಲ್ಲಿನ ಗುಹೆ. ಜಪಾನೀ ಭಾಷೆಯಲ್ಲಿ 'ಆವೊ ನೊ ದೋಕುತ್ಸು', ಅಂದರೆ ನೀಲಿ ಗುಹೆ. ನಾನು ನೋಡಿದ ಜಾಹೀರಾತಿನ ಫೋಟೋದಲ್ಲಿ ಒಬ್ಬಳೇ ಹುಡುಗಿ, ನಾಲ್ಕು ಮೀನು, ಮಿಕ್ಕದ್ದೆಲ್ಲ ನೀಲಿ. ನೋಡಿದ ಕೂಡಲೇ ಬುಕ್ ಮಾಡಿದೆ. ಅದೇ ಥರದ ಫೋಟೋ ನೋಡಿ ಬುಕ್ ಮಾಡಿದವರೆಲ್ಲ ಅವತ್ತು ಬೆಳಿಗ್ಗೆ ಪಾರ್ಕಿಂಗ್ ಜಾಗದಲ್ಲಿ ಸಿಕ್ಕರು. ಪ್ರತಿಯೊಬ್ಬರ ಮನಸ್ಸಿನಲ್ಲೂ ಆ ಒಬ್ಬಳೇ ಹುಡುಗಿ ತಾವೇ.

ಈ ಹೆಸರಿನ ಮಹಿಮೆ ಸ್ವಲ್ಪ ಹೇಳಬೇಕು. ಓಕಿನಾವಾ ಮಾತಿನಲ್ಲಿ ಗುಹೆಗೆ 'ಗಾಮಾ' ಎನ್ನುತ್ತಾರೆ. ಎಷ್ಟು ಮುದ್ದಾದ ಮಾತು! ಆದರೆ ಗಾಮಾ ಅಂದರೆ ಯಾರು ವಿಮಾನ ಹತ್ತಿ ಬರುತ್ತಾರೆ? ನೀಲಿ ಗುಹೆ ಎನ್ನಬೇಕು. ಮೂಲ ನೀಲಿ ಗುಹೆ ಇಟಲಿಯ ಕಾಪ್ರಿ ದ್ವೀಪದಲ್ಲಿದೆ. 1826ರಲ್ಲಿ ಆಗಸ್ಟ್ ಕೋಪಿಷ್ ಎಂಬ ಜರ್ಮನ್ ಕವಿ ಗೆಳೆಯನ ಜೊತೆ ಅದರೊಳಗೆ ಈಜಿ ಹೋಗಿ ಬಂದು ಬರೆದ. ಊರೂರಿಗೆ ಸುದ್ದಿಯಾಯಿತು. ಈಜಿ ಹೆಸರು ತಂದುಕೊಟ್ಟ ಆ ಗುಹೆಯಲ್ಲಿ ಈಗ ಈಜುವಂತಿಲ್ಲ. ಪುಟ್ಟ ದೋಣಿಯಲ್ಲಿ ಅಂಗಾತ ಮಲಗಿ, ಮೂಗಿಗೆ ಕಲ್ಲು ತಾಗದಂತೆ ಒಳಗೆ ಹೋಗಿ, ಒಂದು ಸುತ್ತು ಹಾಕಿ ಬರಬೇಕು. ಕ್ರೊಯೇಷಿಯಾದ ಬಿಷೆವೊ ದ್ವೀಪದಲ್ಲಿ ಇನ್ನೊಂದು ನೀಲಿ ಗುಹೆ ಇದೆ. ಅದಕ್ಕೆ ದೋಣಿ ಹೋಗುವಂಥ ಬಾಗಿಲೇ ಇರಲಿಲ್ಲ. 1884ರಲ್ಲಿ ಬಂಡೆ ಸಿಡಿಸಿ ಬಾಗಿಲು ಮಾಡಿದರು. ಪ್ರಕೃತಿ ಬಾಗಿಲು ಇಡುವುದನ್ನು ಮರೆತರೆ ನಾವು ಸುಮ್ನಿರೋಕಾಗುತ್ತಾ? ಮಾಲ್ಟಾದಲ್ಲೊಂದಿದೆ. ಜಪಾನಿನದೇ ಉತ್ತರ ಭಾಗದ ಓತಾರುವಿನಲ್ಲಿ ಮತ್ತೊಂದಿದೆ. ಒಟ್ಟಿನಲ್ಲಿ ಸಮುದ್ರದ ಪಕ್ಕ ತೂತು ಬಿದ್ದ ಬಂಡೆ ಇದ್ದರೆ ಹೆಸರು ಹುಡುಕುವ ಕಷ್ಟವಿಲ್ಲ.

ಮೊದಲು ಕಾಗದ ಪತ್ರ. ನೀರಿಗಿಳಿಯುವ ಮುಂಚೆ ಆರೋಗ್ಯದ ಫಾರಂ ತುಂಬಬೇಕು. ಆಸ್ತಮಾ ಇದೆಯೇ? ಕಿವಿ ತೊಂದರೆ? ಸೈನಸ್? ಎದೆನೋವು? ಡೈವಿಂಗ್‌ಗೆ 'ಹೌದು' ಎಂದು ಒಂದು ಗೀಟು ಹಾಕಿದರೂ ಡಾಕ್ಟರ ಒಪ್ಪಿಗೆ ಪತ್ರ ಕೇಳಬಹುದು. ಹಾಗಾಗಿ ಆ ಮೇಜಿನ ಸುತ್ತ ಕೂತಿದ್ದಷ್ಟು ಆರೋಗ್ಯವಂತರನ್ನು ನಾನು ಜೀವನದಲ್ಲಿ ಒಟ್ಟಿಗೆ ನೋಡಿಲ್ಲ. ಮೆಟ್ಟಿಲು ನೋಡಿಯೇ ಏದುಸಿರು ಬಿಡುತ್ತಿದ್ದ ಒಬ್ಬರು ಸರಸರನೆ ಹತ್ತು 'ಇಲ್ಲ' ಬರೆದು ಪೆನ್ನು ನನಗೆ ಕೊಟ್ಟರು.

"ರೀ, ನಿಮಗೆ ಮೂರು ದಿನದಿಂದ ಶೀತ ಅಲ್ವಾ?" ಎಂದಳು ಹೆಂಡತಿ.

"ಇಳಿದಿದೆ" ಎಂದೆ. ಇಳಿದಿರಲಿಲ್ಲ, ಮೂಗಿನಲ್ಲೇ ಇತ್ತು.

ಅವಳು ಸೈನಸ್ ಮುಂದೆ 'ಹೌದು' ಹಾಕಿದಳು. ಸತ್ಯ ಹೇಳಿದವರಿಗೆ ನಳಿಕೆ ಕಚ್ಚಿ ನೀರಿನ ಮೇಲೇ ತೇಲುವ ಸ್ನಾರ್ಕೆಲಿಂಗ್, ಸುಳ್ಳು ಹೇಳಿದವರಿಗೆ ಗಾಳಿಯ ಟ್ಯಾಂಕ್ ಹೊತ್ತು ಕೆಳಗಿಳಿಯುವ ಡೈವಿಂಗ್ ಎಂದು ಎರಡು ಗುಂಪಾಯಿತು. ಅವಳಿಗೆ ಲೈಫ್ ಜಾಕೆಟ್, ನನಗೆ ಬೆನ್ನಿಗೆ ಕಬ್ಬಿಣದ ಟ್ಯಾಂಕ್. ಪಾಪಕ್ಕೆ ತಕ್ಕ ಭಾರ.

ವೆಟ್‌ಸೂಟ್ ಎಂಬ ಮೈಗಂಟುವ ರಬ್ಬರ್ ಉಡುಪು ಹಾಕಿಕೊಳ್ಳುವುದನ್ನು ವರ್ಣಿಸಬಾರದು. ಒದ್ದೆ ಸೈಕಲ್ ಟ್ಯೂಬಿನೊಳಗೆ ಒಬ್ಬ ಸಂಸಾರಸ್ಥ ಇಳಿಯುತ್ತಿದ್ದಾನೆ ಎಂದುಕೊಳ್ಳಿ, ಅಷ್ಟು ಸಾಕು.

ಅಲ್ಲಿಂದ ಕೆಳಗೆ ನೂರರ ಹತ್ತಿರ ಮೆಟ್ಟಿಲು. ಇಕ್ಕಟ್ಟು, ಕಡಿದು, ಒದ್ದೆ. ಇಳಿಯುವವರ ಸಾಲಿಗೆ ಟ್ಯಾಂಕ್ ಇದೆ, ಹತ್ತುವವರ ಸಾಲಿಗೆ ಟ್ಯಾಂಕ್ ಜೊತೆಗೆ ಸುಸ್ತೂ ಇದೆ. ಇಳಿಯುವವರು ಹತ್ತುವವರನ್ನು "ಹೇಗಿತ್ತು?" ಎಂಬ ಆಸೆಯ ಕಣ್ಣಿಂದ ನೋಡುತ್ತಾರೆ. ಹತ್ತುವವರು ಮೆಟ್ಟಿಲು ಮಾತ್ರ ನೋಡುತ್ತಾರೆ. ಆಗಲೇ ನನಗೆ ಅರ್ಥವಾಗಬೇಕಿತ್ತು.

ನೀರಿಗಿಳಿದ ಮೇಲೆ ಗುಹೆಯವರೆಗೆ ಒಂದಿಷ್ಟು ದೂರ. ಗೈಡ್ ಮುಂದೆ, ಅವರು ಎಳೆಯುವ ತೇಲುಬಳೆ ಹಿಡಿದು ಸ್ನಾರ್ಕೆಲಿಂಗ್‌ನವರು ಹಿಂದೆ. ಅಂಥ ಗುಂಪಿನ ಹಿಂದೆ ಇನ್ನೊಂದು ಗುಂಪು. ಅದರ ಹಿಂದೆ ಮತ್ತೊಂದು. ಬಂಡೆಯ ತಿರುವಿನಲ್ಲಿ ಎಲ್ಲರೂ ನಿಂತರು. ನಿಂತರು ಎಂದರೆ, ಇದ್ದಲ್ಲೇ ತೇಲಿದರು. ಒಳಗಿನವರು ಹೊರಗೆ ಬಂದ ಮೇಲೆ ಹೊರಗಿನವರು ಒಳಗೆ. ಅಲೆ ಬಂದಾಗ ಸಾಲು ಒಟ್ಟಿಗೆ ಮೇಲೆ ಹೋಗುತ್ತದೆ, ಒಟ್ಟಿಗೆ ಕೆಳಗೆ ಬರುತ್ತದೆ, ಮುಂದೆ ಮಾತ್ರ ಹೋಗುವುದಿಲ್ಲ. ಬಸ್ಸಿನ ಕಂಡಕ್ಟರ್ ಒಬ್ಬರು ಶಿಳ್ಳೆ ಹಿಡಿದು ನೀರಲ್ಲಿ ನಿಂತಿದ್ದರೆ ಎಲ್ಲ ಸರಿಯಾಗುತ್ತಿತ್ತು: "ಮುಂದೆ ಹೋಗಿ ಸ್ವಾಮಿ, ಒಳಗೆ ಖಾಲಿ ಇದೆ."

ಒಳಗೆ ಖಾಲಿ ಇರಲಿಲ್ಲ.

ಇಲ್ಲಿ ಗುಹೆ ನೀಲಿ ಯಾಕೆ ಎನ್ನುವುದು ಗೊತ್ತಿರಬೇಕು. ಗೋಡೆಗೆ ಯಾರೂ ಬಣ್ಣ ಬಳಿದಿಲ್ಲ. ಹೊರಗಿನ ಬಿಸಿಲು ಗುಹೆಯ ಬಾಯಿಯಿಂದ ನೀರಿನೊಳಗೆ ಹಾದು ಬರುತ್ತದೆ. ದಾರಿಯಲ್ಲಿ ಅದರ ಕೆಂಪನ್ನೆಲ್ಲ ನೀರು ನುಂಗುತ್ತದೆ. ಉಳಿದ ನೀಲಿ ತಳದ ಬಿಳಿ ನೆಲಕ್ಕೆ ಬಡಿದು ಮೇಲಕ್ಕೆ ಪುಟಿಯುತ್ತದೆ. ಅಂದರೆ ಈ ನೀಲಿಗೆ ಬೇಕಾದ್ದು ಎರಡೇ. ಬಾಯಿ ತೆರೆದಿರಬೇಕು, ತಳ ತಿಳಿಯಾಗಿರಬೇಕು.

ಈಗ ಆ ಬಾಯಲ್ಲಿ ಕಪ್ಪು ವೆಟ್‌ಸೂಟ್ ಹಾಕಿದ ಐವತ್ತು ಜನರನ್ನು ತುರುಕಿ. ಬೆಳಕು ಬರುವ ದಾರಿ ಬಂದ್. ಇನ್ನು ತಳ. ಕಾಲಿಗೆ ಫಿನ್ಸ್ ಎಂಬ ರಬ್ಬರ್ ರೆಕ್ಕೆ ಹಾಕಿ ರೂಢಿಯಿಲ್ಲದ ನನ್ನಂಥವರು ಸೈಕಲ್ ತುಳಿದ ಹಾಗೆ ಕಾಲಾಡಿಸುತ್ತೇವೆ. ಮರಳು ಎದ್ದು ನೀರು ಗಂಜಿಯಾಗುತ್ತದೆ. ಹೀಗೆ ನೀಲಿ ನೋಡಲು ಬಂದವರೆಲ್ಲ ಸೇರಿ ನೀಲಿಯನ್ನು ಅಚ್ಚುಕಟ್ಟಾಗಿ ಮುಚ್ಚಿ, "ಎಲ್ಲಿ ನೀಲಿ?" ಎಂದು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತೇವೆ. ನನಗೆ ಕಂಡ ಬಣ್ಣಗಳ ಲೆಕ್ಕ ಹೇಳುತ್ತೇನೆ. ತಲೆಯ ಮೇಲೆ ಹಳದಿ ಲೈಫ್ ಜಾಕೆಟ್‌ಗಳ ಹೊಟ್ಟೆ, ಕಣ್ಣೆದುರು ಗುಲಾಬಿ ಫಿನ್ಸ್, ಅದರ ಆಚೆ ಹಸಿರು ಫಿನ್ಸ್. ಗುಲಾಬಿಯವರು ಎರಡು ಸಲ ನನ್ನ ಮಾಸ್ಕಿಗೆ ಒದ್ದರು. ಮೂರನೇ ಸಲ ನಾನೇ ಮುಖ ತಿರುಗಿಸಿ ಜಾಗ ಮಾಡಿಕೊಟ್ಟೆ. ಅಷ್ಟು ಹೊತ್ತಿಗೆ ನಮಗೆ ಪರಿಚಯವಾಗಿತ್ತು.

ಅಷ್ಟರಲ್ಲಿ ಗೈಡ್ ಕ್ಯಾಮೆರಾ ತೆಗೆದರು. ಕ್ಯಾಮೆರಾ ಕಂಡರೆ ಹೆಬ್ಬೆರಳು ಎತ್ತುವುದು ನನ್ನ ಹುಟ್ಟುಗುಣ. ಎತ್ತಿದೆ. ಡೈವಿಂಗ್ ಸನ್ನೆಯಲ್ಲಿ ಹೆಬ್ಬೆರಳು ಎತ್ತಿದರೆ 'ಚೆನ್ನಾಗಿದೆ' ಎಂದಲ್ಲ, 'ನನ್ನನ್ನು ಮೇಲೆ ಕರೆದುಕೊಂಡು ಹೋಗಿ' ಎಂದು. ಚೆನ್ನಾಗಿದ್ದರೆ ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ಇದನ್ನು ಮೆಟ್ಟಿಲ ಮೇಲೆ ಮೂರು ಸಲ ಹೇಳಿಕೊಟ್ಟಿದ್ದರು. ಪಾಪ, ಗೈಡ್ ಗಾಬರಿಯಾಗಿ ಕ್ಯಾಮೆರಾ ಬಿಟ್ಟು ನನ್ನ ಕೊರಳ ಪಟ್ಟಿ ಹಿಡಿದು ಮೇಲೆ ತಂದರು. ತಲೆ ಹೊರಗೆ ಬಂದಿತು. ಏನಾಯಿತು ಎಂದರು. ಏನೂ ಇಲ್ಲ, ಫೋಟೋಗೆ ಎಂದೆ. ಮತ್ತೆ ಇಳಿದೆವು. ಮತ್ತೆ ಕ್ಯಾಮೆರಾ. ಮತ್ತೆ ಹೆಬ್ಬೆರಳು. ಸುತ್ತ ನೋಡಿದೆ. ಒಬ್ಬೊಬ್ಬರಾಗಿ ಹೆಬ್ಬೆರಳು ಎತ್ತಿ ನಗುತ್ತಿದ್ದರು, ಗೈಡ್‌ಗಳು ಒಬ್ಬೊಬ್ಬರನ್ನೇ ಮೇಲೆ ಎಳೆಯುತ್ತಿದ್ದರು. ಬಾವಿಯಲ್ಲಿ ಕೊಡ ಇಳಿಸಿ ಏರಿಸಿದ ಹಾಗೆ.

ಎರಡನೇ ಸಲ ಇಳಿದಾಗ ನನ್ನ ಶೀತ ತನ್ನ ಇರವನ್ನು ತಿಳಿಸಿತು. ತರಬೇತಿ ಇಲ್ಲದವರನ್ನು 12 ಮೀಟರ್‌ಗಿಂತ ಕೆಳಗೆ ಕರೆದೊಯ್ಯುವುದಿಲ್ಲ. 10 ಮೀಟರ್‌ಗೇ ಒತ್ತಡ ಮೇಲಿನದರ ಎರಡು ಪಟ್ಟಾಗುತ್ತದೆ. ನಾನು ಅಷ್ಟು ದೂರ ಹೋಗಲೇ ಇಲ್ಲ. ಮೂರು ಮೀಟರ್ ಇಳಿಯುವಷ್ಟರಲ್ಲಿ ಕಿವಿಯೊಳಗೆ ಯಾರೋ ಸೂಜಿ ಹಾಕಿ ತಿರುವಿದ ಹಾಗಾಯಿತು. ಕಿವಿಯ ಒತ್ತಡ ಸರಿಹೋಗಲೆಂದು ಮೂಗು ಹಿಡಿದು ಊದಿದೆ. ಕಟ್ಟಿದ ಮೂಗಲ್ಲಿ ಊದಿದರೆ ಗಾಳಿ ಎಲ್ಲಿಗೆ ಹೋಗುತ್ತದೆ? ಈ ಸಲ ನಿಜವಾಗಿ ಮೇಲೆ ಹೋಗಬೇಕೆಂದು ಹೆಬ್ಬೆರಳು ಎತ್ತಿದೆ. ಗೈಡ್ ನಕ್ಕು ಫೋಟೋ ಹೊಡೆದರು.

ಹೊರಗೆ ಬಂದ ಮೇಲೆ ಮೀನಿನ ಕಾರ್ಯಕ್ರಮ. ಹಳದಿ ಮೈಗೆ ಕಪ್ಪು ಪಟ್ಟೆ ಬಳಿದ ಪುಟ್ಟ ಮೀನು. ಪಟ್ಟೆ ನೋಡಿ ಇವಕ್ಕೆ ಇಂಗ್ಲಿಷರು 'ಸಾರ್ಜೆಂಟ್' ಎಂದು ಹೆಸರಿಟ್ಟಿದ್ದಾರೆ. ಹೆಸರಿಟ್ಟವರು ದೊಡ್ಡವರು. ನೀರಿನಲ್ಲಿ ಆಹಾರದ ಪೊಟ್ಟಣ ಬಿಚ್ಚುವ ಮುಂಚೆಯೇ ಅವು ಸುತ್ತುವರಿದು ನಿಂತವು. ಕೈ ನೋಡುತ್ತವೆ, ಮುಖ ನೋಡುತ್ತವೆ, ಮಾಮೂಲು ಎಲ್ಲಿ ಎನ್ನುತ್ತವೆ. ಕೊಡುವುದು ಅರೆಕ್ಷಣ ತಡವಾಗಿದ್ದಕ್ಕೆ ಒಂದು ಸಾರ್ಜೆಂಟು ನನ್ನ ಹೆಬ್ಬೆರಳಿಗೇ ಬಾಯಿ ಹಾಕಿತು. ಹವಳದ ಮೇಲೆ, ಬಂಡೆಯ ಮೇಲೆ ಪಾಚಿ ಕೆರೆದು, ಸಿಕ್ಕ ಹುಳು ಹಿಡಿದು ಗೇಯ್ದು ತಿನ್ನಬೇಕಾದ ಮೀನು ದಿನಕ್ಕಿಷ್ಟು ಹೊತ್ತು ಪ್ರವಾಸಿಗರಿಂದ ವಸೂಲಿ ಮಾಡಿ ಕೊಬ್ಬಿದೆ.

ಇದು ನಡೆಯುವುದು ಎಂಥ ಊರಿನಲ್ಲಿ ಗೊತ್ತೇ? ಒನ್ನಾ 2018ರಲ್ಲಿ ತನ್ನನ್ನು 'ಹವಳದ ಗ್ರಾಮ' ಎಂದು ಘೋಷಿಸಿಕೊಂಡ ಊರು. ಹವಳಕ್ಕೂ ಮನುಷ್ಯರಿಗೂ ಜಗತ್ತಿನಲ್ಲೇ ಹೆಚ್ಚು ಅಕ್ಕರೆ ತೋರುವ ಊರಾಗುತ್ತೇವೆ ಎಂದಿದೆ. ವಿಶ್ವಸಂಸ್ಥೆಯ ಪರಿಸರ ಸಂಸ್ಥೆಯ ಬೆಂಬಲದಲ್ಲಿ ಶುರುವಾದ ಗ್ರೀನ್ ಫಿನ್ಸ್ ಎಂಬ ಡೈವಿಂಗ್ ನಿಯಮಗಳನ್ನು ಈ ಊರು ಅಪ್ಪಿಕೊಂಡಿದೆ. ಅದರಲ್ಲಿ ಮೀನಿಗೆ ತಿನ್ನಿಸಬೇಡಿ, ಹವಳ ಮುಟ್ಟಬೇಡಿ, ಮೆಟ್ಟಬೇಡಿ ಎಂದು ಬರೆದಿದೆ. ಊರಿನವರ ಕಾಳಜಿ ನಿಜ. ಇಲ್ಲಿನ ಮೀನುಗಾರರು ಹವಳ ನೆಡುತ್ತಾರೆ. ಕಷ್ಟ ಇರುವುದು ನಮ್ಮ ಕಡೆ. ಮೀನಿಗೆ ತಿನ್ನಿಸಲು ಕೊಡದ ಅಂಗಡಿಗೆ ನಾವು ಹೋಗುವುದಿಲ್ಲ. 'ಫೋಟೋ ಉಚಿತ, ಮೀನಿನ ಆಹಾರ ಉಚಿತ' ಎಂದು ಬರೆದ ಕಡೆ ಹೋಗುತ್ತೇವೆ. ನಾನು ಹೋದದ್ದೂ ಅಂಥದ್ದಕ್ಕೇ. ನನ್ನ ಪಕ್ಕದವರು ಮೈಗೆಲ್ಲ ಸನ್‌ಸ್ಕ್ರೀನ್ ಬಳಿದುಕೊಂಡು ಇಳಿದರು. ನೀರಿನ ಮೇಲೆ ಎಣ್ಣೆಯ ಕಾಮನಬಿಲ್ಲು ಎದ್ದಿತು. ಹವಳಕ್ಕೆ ಕೆಡುಕೆಂದು ಪೆಸಿಫಿಕ್ ಸಾಗರದ ಪಲಾವ್ ದೇಶ 2020ರಿಂದ ಕೆಲವು ಬಗೆಯ ಸನ್‌ಸ್ಕ್ರೀನನ್ನೇ ನಿಷೇಧಿಸಿದೆ. ಪಕ್ಕದವರಿಗೆ ಇದನ್ನು ಹೇಳೋಣವೆಂದರೆ ಬಾಯಲ್ಲಿ ನಳಿಕೆ. ಹೇಳಿದರೂ "ಬೂ ಬೂ" ಎಂದಷ್ಟೇ ಕೇಳಿಸುತ್ತಿತ್ತು. ಅವರು ಹೆಬ್ಬೆರಳು ಎತ್ತಿದರು.

ಮೆಟ್ಟಿಲು ಹತ್ತುವಾಗ ಹೆಂಡತಿ ಸಿಕ್ಕಳು.

"ನೀಲಿ ಕಾಣ್ತಾ?" ಎಂದೆ.

"ಒಂದು ನಿಮಿಷ ಕಾಣ್ತು ಕಣ್ರೀ. ನಮ್ಮ ಮುಂದಿನ ಗುಂಪು ಹೊರಗೆ ಹೋಯ್ತಲ್ಲ, ಆಗ. ಆಮೇಲೆ ನಿಮ್ಮ ಟ್ಯಾಂಕಿನವರೆಲ್ಲ ಕೆಳಗೆ ಬಂದ್ರಿ."

ಸುಳ್ಳು ಬರೆದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಯಾವ ಡಾಕ್ಟರೂ ಬರೆಯುವುದಿಲ್ಲ. ಇಳಿಯುವ ಸಾಲಿನಲ್ಲಿ ಒಬ್ಬ ಹುಡುಗ ನನ್ನನ್ನು ಆಸೆಯ ಕಣ್ಣಿಂದ ನೋಡಿದ. ನಾನು ಮೆಟ್ಟಿಲು ನೋಡಿದೆ.

ಮೇಲೆ ಬಂದ ಮೇಲೆ ಇನ್ನೊಂದು ಪ್ರಸಂಗ. ನಮ್ಮ ಗುಂಪಿನ ಒಬ್ಬರು ಸಂಜೆ ಆರಕ್ಕೆ ವಿಮಾನ ಎಂದರು. ಒಂದು ಸಲ ಡೈವ್ ಮಾಡಿದವರು ಕಡಿಮೆಯೆಂದರೂ 12 ಗಂಟೆ ವಿಮಾನ ಹತ್ತಬಾರದು, ಎರಡು ಮೂರು ಸಲ ಮಾಡಿದರೆ 18 ಗಂಟೆ. ರಕ್ತದಲ್ಲಿ ಕರಗಿದ ಸಾರಜನಕ ಮೇಲೆ ಹೋದಂತೆ ಗುಳ್ಳೆಯಾಗುತ್ತದೆ, ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ. ಇದೂ ಬೆಳಗಿನ ಫಾರಂನಲ್ಲಿತ್ತು. ಅವರು ಅದಕ್ಕೂ ಸಹಿ ಹಾಕಿದ್ದರು, ಓದಿರಲಿಲ್ಲ. ಟಿಕೆಟ್ ಬದಲಾಯಿಸಲು ಫೋನ್ ಹಿಡಿದು ಓಡಾಡತೊಡಗಿದರು, ಅರ್ಧ ಬಿಚ್ಚಿದ ವೆಟ್‌ಸೂಟಿನಲ್ಲಿ, ಎರಡು ತೋಳೂ ಹಿಂದೆ ಬಾಲದ ಹಾಗೆ ನೇತಾಡುತ್ತ.

ರಾತ್ರಿ ಫೋಟೋಗಳು ಬಂದವು. ಒಂದರಲ್ಲಿ ನಾನು ಒಬ್ಬನೇ ಇದ್ದೇನೆ. ಸುತ್ತ ನೀಲಿ, ನಾಲ್ಕು ಸಾರ್ಜೆಂಟು, ಎತ್ತಿದ ಹೆಬ್ಬೆರಳು. ಗೈಡ್ ಎಂಥ ಕಸುಬುದಾರ ನೋಡಿ, ಐವತ್ತು ಜನರ ನಡುವೆ ಒಂಟಿಯಾಗಿ ಕಾಣಿಸಿದ್ದಾರೆ. ಕಿವಿ ನೋವಿಗೆ ಮುಖ ಹಿಂಡಿದ್ದು ಉಸಿರಾಡಲು ಬಾಯಿಗೆ ಕಚ್ಚಿದ ರೆಗ್ಯುಲೇಟರ್ ಮರೆಯಲ್ಲಿ ನಗುವಿನ ಹಾಗಿದೆ. ಎಲ್ಲರಿಗೂ ಕಳಿಸಿದೆ. ಭಾವಮೈದುನ ಹತ್ತೇ ನಿಮಿಷದಲ್ಲಿ ಬರೆದ: "ಜನಾನೇ ಇಲ್ವಲ್ಲ ಭಾವ, ಸೂಪರ್ ಜಾಗ. ಮುಂದಿನ ತಿಂಗಳು ನಾವೂ ಹೋಗ್ತೀವಿ, ನಮ್ಮ ಆಫೀಸಿನವರು ಹದಿನೆಂಟು ಜನ."

ಮರುದಿನ ಗಾಳಿ ಜೋರಾಯಿತು. ಅಲೆ ಎತ್ತರವಿದ್ದರೆ ಮಾಎದದ ಮೆಟ್ಟಿಲು ಮುಚ್ಚುತ್ತಾರೆ. ಹೋಟೆಲಿನಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ಕೂತು, ಸುಮ್ನೆ, ಅಲ್ಲಿನ ಸಮುದ್ರ ತೋರಿಸುವ ಕ್ಯಾಮೆರಾವನ್ನು ಫೋನಿನಲ್ಲಿ ತೆರೆದೆ. ಬಿಸಿಲು ಚೆನ್ನಾಗಿತ್ತು. ನೀರಿನಲ್ಲಿ ಒಂದು ತಲೆಯೂ ಇರಲಿಲ್ಲ.

"ರೀ, ಈಗ ಒಳಗೆ ಹೇಗಿರಬಹುದು?" ಎಂದಳು ಹೆಂಡತಿ.

ನಾನು ಉಂಗುರ ಮಾಡಿ ತೋರಿಸಿದೆ.