ಸೊನ್ನೆ-ಸೊನ್ನೆಯ ಸುಖ

ಪತ್ರಿಕಾಗೋಷ್ಠಿ ಎಂದರೆ ನಮ್ಮ ಕಣ್ಣಮುಂದೆ ಬರುವುದು ಒಂದು ಉದ್ದನೆಯ ಮೇಜು, ಅದರ ಮೇಲೆ ಮೈಕುಗಳ ಗೊಂಚಲು, ಎದುರಿಗೆ ಮೊಬೈಲು ನೋಡುತ್ತ ಕೂತ ಹತ್ತಿಪ್ಪತ್ತು ವರದಿಗಾರರು, ಎಲ್ಲ ಮುಗಿದ ಮೇಲೆ ಪ್ಲೇಟಿನಲ್ಲಿ ಉಪ್ಪಿಟ್ಟು. 2024ರ ಏಪ್ರಿಲ್ 14ರ ಭಾನುವಾರ ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ ನಡೆದದ್ದೂ ಹೆಸರಿಗೆ ಪತ್ರಿಕಾಗೋಷ್ಠಿಯೇ. ಅದನ್ನು ನೋಡಲು ಸುಮಾರು 20,000 ಜನ ಬಂದು ರಪ್ ಅರೀನಾ ಎಂಬ ಒಳಾಂಗಣ ಕ್ರೀಡಾಂಗಣವನ್ನು ತುಂಬಿದರು. ಅವತ್ತು ಪಂದ್ಯವಿರಲಿಲ್ಲ. ಎದುರಾಳಿ ತಂಡವಿರಲಿಲ್ಲ. ಹಾಗೆ ನೋಡಿದರೆ ಸ್ವಂತ ತಂಡವೂ ಇರಲಿಲ್ಲ. ಅದರ ಕಥೆ ಆಮೇಲೆ ಹೇಳುತ್ತೇನೆ. ಕೆಂಟಕಿ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಹೊಸ ಕೋಚ್ ಬಂದಿದ್ದರು, ಅವರು ನಾಲ್ಕು ಮಾತಾಡುವವರಿದ್ದರು, ಅಷ್ಟೇ.

ಕೋಚ್ ಬಸ್ಸಿನಲ್ಲಿ ಬಂದಿಳಿದರು. ಹೆಸರು ಮಾರ್ಕ್ ಪೋಪ್. ಜೊತೆಗೆ ಈ ಕಾಲೇಜಿಗೆ ಹಿಂದೆ ಆಡಿದವರ ಒಂದು ದಂಡು, ಕೈಯಲ್ಲಿ 1996ರ ರಾಷ್ಟ್ರೀಯ ಚಾಂಪಿಯನ್‌ಷಿಪ್ ಟ್ರೋಫಿ. ಆ ವರ್ಷ ಫೈನಲ್‌ನಲ್ಲಿ ಸಿರಕ್ಯೂಸ್ ತಂಡವನ್ನು ಸೋಲಿಸಿದ ಕೆಂಟಕಿ ತಂಡಕ್ಕೆ ಈತ ನಾಯಕರಾಗಿದ್ದವರು. ಜನ ಎದ್ದು ನಿಂತು ಕೂಗಿದರು. ಕೆಲವರು ಅತ್ತರು. ಇನ್ನೂ ಒಂದು ಪಂದ್ಯವನ್ನೂ ಆಡಿಸದ ಕೋಚ್ ಒಬ್ಬರಿಗೆ ಸಿಗಬಹುದಾದ ಅತಿ ದೊಡ್ಡ ಗೆಲುವು ಇದೇ ಇರಬೇಕು.

ಇದರಲ್ಲಿ ನನಗೆ ರುಚಿಸಿದ್ದು ಆ ಭಾನುವಾರಕ್ಕಿಂತ ಅದರ ಹಿಂದಿನ ಗುರುವಾರ. ಪೋಪ್ ಅವರ ಹೆಸರು ಹೊರಬಿದ್ದದ್ದು ಗುರುವಾರ ರಾತ್ರಿ. ಆಗ ಇದೇ ಜನ ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಅವರು ಬಯಸಿದ್ದು ಬೇಯ್ಲರ್ ವಿಶ್ವವಿದ್ಯಾಲಯದ ಸ್ಕಾಟ್ ಡ್ರೂ ಅವರನ್ನು. 2021ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಕೋಚ್. ಅವರು ಇದ್ದಲ್ಲೇ ಇರುತ್ತೇನೆಂದುಬಿಟ್ಟರು. ಬದಲಿಗೆ ಬಂದ ಪೋಪ್ ಅದುವರೆಗೆ ಕೋಚ್ ಆಗಿ ರಾಷ್ಟ್ರೀಯ ಟೂರ್ನಿಯಲ್ಲಿ, ಅಂದರೆ ಇಡೀ ಅಮೆರಿಕ ಕೆಲಸ ಬಿಟ್ಟು ನೋಡುವ ಮಾರ್ಚ್ ತಿಂಗಳ ಆ ಹಬ್ಬದಲ್ಲಿ, ಒಂದು ಪಂದ್ಯವನ್ನೂ ಗೆದ್ದವರಲ್ಲ. ಎಂಟು ಸಲ ಚಾಂಪಿಯನ್ ಆದ ಕಾಲೇಜಿಗೆ ಇಂಥವರೇ ಎಂದು ಗುರುವಾರ ರಾತ್ರಿಯಿಡೀ ಗೋಳು. ಶುಕ್ರವಾರ ಅಧಿಕೃತ ಪ್ರಕಟಣೆ. ಭಾನುವಾರ ಮಧ್ಯಾಹ್ನ ಹರ್ಷೋದ್ಗಾರ.

ನಡುವೆ ಏನಾಯಿತು? ಏನೂ ಆಗಲಿಲ್ಲ. ಬಯಸಿದ ಗಂಡು ಒಲ್ಲೆ ಎಂದ ಮೇಲೆ ಮನೆಗೆ ಬಂದ ಎರಡನೆಯ ಸಂಬಂಧದ ಬಗ್ಗೆ ನಮ್ಮ ಹಿರಿಯರು ಮಾತಾಡುವ ಧಾಟಿ ನಿಮಗೆ ಗೊತ್ತಲ್ಲ, ಅದೇ ಆಯಿತು. ಮೊದಲನೆಯವನಿಗೆ ಸಂಬಳವೇನೋ ಜಾಸ್ತಿ, ಆದರೆ ಮುಖದಲ್ಲಿ ಕಳೆ ಇರಲಿಲ್ಲ ಅಂತ ಅತ್ತೆಗೆ ಆಗಲೇ ಅನ್ನಿಸಿತ್ತಂತೆ. ಈ ಹುಡುಗ ಎಂಥ ಸಂಸ್ಕಾರವಂತ ನೋಡಿ! ಪೋಪ್ ಅವರ ವಿಷಯದಲ್ಲೂ ಜಾತಕ ಹೊಸದಾಗಿ ಬರೆಯಲಾಯಿತು. ಟೂರ್ನಿಯಲ್ಲಿ ಗೆದ್ದಿಲ್ಲ, ನಿಜ. ಆದರೆ ಅವರು ಇದ್ದದ್ದು ಮಾರ್ಮನ್ ಧರ್ಮದವರ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಕಾಫಿ ಕುಡಿಯುವುದಕ್ಕೂ ನಿಷೇಧ. ಅಂಥ ಕಡೆಗೆ ಒಳ್ಳೆಯ ಆಟಗಾರರನ್ನು ಕರೆತರುವುದೇ ಕಷ್ಟ, ಅಂಥದ್ದರಲ್ಲಿ ಅದೇ ಫೆಬ್ರುವರಿಯಲ್ಲಿ ಕಾನ್ಸಸ್ ತಂಡವನ್ನು ಅದರದೇ ಅಂಗಳದಲ್ಲಿ ಸೋಲಿಸಲಿಲ್ಲವೆ? ಮೇಲಾಗಿ ಬುದ್ಧಿವಂತರು, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದುತ್ತಿದ್ದವರು ಅದನ್ನು ಬಿಟ್ಟು ಕೋಚಿಂಗ್‌ಗೆ ಬಂದರು. (ಮೆಡಿಕಲ್ ಸೀಟು ಬಿಟ್ಟುಬಂದದ್ದನ್ನು ಬುದ್ಧಿವಂತಿಕೆಯ ಲೆಕ್ಕಕ್ಕೆ ಸೇರಿಸುವ ಊರು ನಮ್ಮ ಕಡೆ ಎಲ್ಲಾದರೂ ಇದ್ದರೆ ತಿಳಿಸಿ.) ಅವರನ್ನು 1996ರಲ್ಲಿ ಆಡಿಸಿದ್ದ ಹಳೆಯ ಗುರು ರಿಕ್ ಪಿಟಿನೋ ವಿಡಿಯೋ ಮಾಡಿ ಭೇಷ್ ಎಂದರು. ಎಲ್ಲಕ್ಕಿಂತ ಮಿಗಿಲಾಗಿ, ಅವರು ನಮ್ಮವರು. ಆ ಒಂದು ಮಾತಿನ ಮುಂದೆ ಸ್ಕಾಟ್ ಡ್ರೂ ಯಾರೆಂಬುದೇ ಮರೆತುಹೋಯಿತು.

ನನ್ನ ಅಕ್ಕನ ಮಗ ಅಲ್ಲಿರುವುದರಿಂದ ಇದೆಲ್ಲ ನನಗೆ ಬಿಸಿಬಿಸಿಯಾಗಿ ತಿಳಿಯಿತು. ಲೆಕ್ಸಿಂಗ್ಟನ್‌ಗೆ ಹತ್ತಿರದ ಜಾರ್ಜ್‌ಟೌನ್‌ನಲ್ಲಿ ಟೊಯೋಟಾದ ಭಾರೀ ಕಾರ್ಖಾನೆಯಿದೆ. ಬಿಡದಿಯಲ್ಲಿ ಕೆಲಸ ಕಲಿತ ಹುಡುಗ ಅಲ್ಲಿಗೆ ಹೋಗಿ ಸೇರಿಕೊಂಡ. ಇಲ್ಲಿದ್ದಾಗ ಬ್ಯಾಸ್ಕೆಟ್‌ಬಾಲ್ ಅಂದರೆ ಶಾಲೆಯ ಮೈದಾನದ ಮೂಲೆಯಲ್ಲಿ ಬಲೆ ಹರಿದು ನಿಂತಿದ್ದ ಕಬ್ಬಿಣದ ಬಳೆ ಎಂದಷ್ಟೇ ತಿಳಿದಿದ್ದವನು. ಈಗ ಕೆಂಟಕಿ ತಂಡದ ನೀಲಿ ಅಂಗಿ ಬಿಟ್ಟು ಬೇರೆ ಬಣ್ಣ ತೊಡುವುದಿಲ್ಲ. "ಮಾವ, ಈ ಸಲ ನೋಡ್ತಾ ಇರಿ" ಎಂದು ಅವನು ಫೋನು ಮಾಡಿದಾಗಲೆಲ್ಲ ನಮ್ಮ ಮೈಸೂರಿನಲ್ಲಿ ಬೆಳಗಿನ ಕಾಫಿಯ ಹೊತ್ತು. ಆಟ ಮುಗಿದಾಗ ಅಲ್ಲಿ ನಡುರಾತ್ರಿ ಹತ್ತಿರವಾಗಿರುತ್ತದೆ. ಅವನಿಗೆ ನಿದ್ದೆ ಬರುವುದಿಲ್ಲ, ನನಗೆ ಪೇಪರು ಓದಲಾಗುವುದಿಲ್ಲ.

"ಈ ಸಲ" ಎಂದ ಕೂಡಲೇ ನಿಮಗೆ ನೆನಪಾದದ್ದು ನನಗೂ ನೆನಪಾಯಿತು. ಹದಿನೆಂಟು ವರ್ಷ ಅದೇ ಜಪ ಮಾಡಿ 2025ರಲ್ಲಿ ಕಪ್ಪು ತಂದ ಊರಿನವರು ನಾವು. ಆಶಾವಾದದ ಪಾಠ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ನಮ್ಮ ಆಸೆಯೆಲ್ಲ ಬ್ಯಾಟು ಹಿಡಿದವನ ಮೇಲೆ. ಆ ವರ್ಷ ಬೆಂಗಳೂರು ತಂಡದ ಕೋಚ್ ಯಾರಿದ್ದರು ಅಂತ ಕೆಂಪು ಅಂಗಿ ತೊಟ್ಟ ಹತ್ತು ಜನರನ್ನು ಕೇಳಿ ನೋಡಿ. ಆಂಡಿ ಫ್ಲವರ್ ಎಂದು ಥಟ್ಟನೆ ಹೇಳುವವರು ಸಿಕ್ಕರೆ ಅವರಿಗೆ ನನ್ನ ಲೆಕ್ಕದಲ್ಲಿ ಒಂದು ಮಸಾಲೆ ದೋಸೆ. ಕೋಚ್ ಮಾತಾಡುತ್ತಾರೆ ಎಂದರೆ ಚಿನ್ನಸ್ವಾಮಿ ಮೈದಾನದ ಕ್ಯಾಂಟೀನೂ ತುಂಬಲಿಕ್ಕಿಲ್ಲ.

ಅಲ್ಲಿ ಹಾಗಲ್ಲದೆ ಇರುವುದಕ್ಕೆ ಕಾರಣವಿದೆ. ಕೆಂಟಕಿಯಲ್ಲಿ ದೊಡ್ಡ ವೃತ್ತಿಪರ ಲೀಗುಗಳ ತಂಡ ಒಂದೂ ಇಲ್ಲ. ಬ್ಯಾಸ್ಕೆಟ್‌ಬಾಲಿನ ಎನ್‌ಬಿಎ ಇಲ್ಲ, ಅಮೆರಿಕನ್ ಫುಟ್‌ಬಾಲಿನ ಎನ್‌ಎಫ್‌ಎಲ್ ಇಲ್ಲ, ಬೇಸ್‌ಬಾಲಿನ ಮೇಜರ್ ಲೀಗ್ ಇಲ್ಲ. ಕುದುರೆ ರೇಸು, ಬರ್ಬನ್ ವಿಸ್ಕಿ, ಕಲ್ಲಿದ್ದಲು, ಇವಿಷ್ಟು ಬಿಟ್ಟರೆ ಬಹುಪಾಲು ಜನರಿಗೆ ಹೇಳಿಕೊಳ್ಳಲು ಇರುವುದು ಈ ಕಾಲೇಜು ತಂಡ. ಅಡಾಲ್ಫ್ ರಪ್ ಎಂಬಾತ 1930ರಿಂದ 1972ರವರೆಗೆ ಇದೇ ತಂಡದ ಕೋಚ್ ಆಗಿದ್ದು 876 ಪಂದ್ಯ ಗೆದ್ದರು. ಪೂರ್ವದ ಬೆಟ್ಟಗಾಡಿನ ಗಣಿ ಊರುಗಳಲ್ಲಿ ಜನ ರೇಡಿಯೋದ ಸುತ್ತ ಕೂತು ಆಟ ಕೇಳಿ ಬೆಳೆದರು. ಅಪ್ಪನಿಂದ ಮಗನಿಗೆ ಜಮೀನು ಬರುತ್ತದೋ ಇಲ್ಲವೋ, ಈ ಹುಚ್ಚು ಬರುತ್ತದೆ. ಅಕ್ಟೋಬರ್‌ನಲ್ಲಿ ತಂಡದ ಮೊದಲ ಅಭ್ಯಾಸವನ್ನು ನೋಡುವ ಉತ್ಸವವೊಂದಿದೆ, ಅದರ ಹೆಸರೇ ಬಿಗ್ ಬ್ಲೂ ಮ್ಯಾಡ್ನೆಸ್. ಬರಿಯ ಅಭ್ಯಾಸದ ಆ ಟಿಕೆಟ್ಟಿಗೆ ಜನ ದಿನಗಟ್ಟಲೆ ಡೇರೆ ಹಾಕಿಕೊಂಡು ಮಲಗಿದ್ದುಂಟು.

ಮತ್ತೆ ಆಟಗಾರರನ್ನು ನೆಚ್ಚಿಕೊಳ್ಳೋಣವೆಂದರೆ ಅವರು ನಿಲ್ಲುವುದೆಲ್ಲಿ? ಹಿಂದೆ ಹುಡುಗ ನಾಲ್ಕು ವರ್ಷ ಓದುತ್ತಿದ್ದ, ನಾಲ್ಕು ವರ್ಷ ಆಡುತ್ತಿದ್ದ; ಬೆಳೆಯುವುದನ್ನು ಊರು ನೋಡುತ್ತಿತ್ತು. ಆಮೇಲೆ ಒಂದೇ ವರ್ಷ ಆಡಿ ಎನ್‌ಬಿಎಗೆ ಹಾರುವ ಕಾಲ ಬಂತು. 2021ರಿಂದ ಕಾಲೇಜು ಬದಲಿಸಿದರೂ ಒಂದು ವರ್ಷ ಸುಮ್ಮನೆ ಕೂರಬೇಕಿಲ್ಲ, ಜೊತೆಗೆ ತಮ್ಮ ಹೆಸರಿನ ಮೇಲೆ ದುಡ್ಡೂ ಮಾಡಬಹುದು. ಹೀಗಾಗಿ ಅಂಗಿಯ ಹಿಂದಿನ ಹೆಸರು ಬಾಯಿಪಾಠ ಆಗುವಷ್ಟರಲ್ಲಿ ಹುಡುಗ ಇನ್ನೊಂದು ರಾಜ್ಯದಲ್ಲಿರುತ್ತಾನೆ. ಹಿಡಿದುಕೊಳ್ಳಲು ಉಳಿದವರು ಕೋಚ್ ಒಬ್ಬರೇ. ಅವರಿಗಾದರೆ ಐದು ವರ್ಷದ ಕರಾರು, ವರ್ಷಕ್ಕೆ 50 ಲಕ್ಷ ಡಾಲರಿಗೂ ಮೇಲೆ ಸಂಬಳ. ಅಷ್ಟು ಸುಲಭವಾಗಿ ಓಡಿಹೋಗಲಾರರು ಎಂಬ ಧೈರ್ಯ.

ಆ ಧೈರ್ಯವೂ ಹುಸಿಯೇ ಅನ್ನಿ. ಪೋಪ್ ಬರಲು ಕಾರಣವಾದದ್ದೇ ಹಿಂದಿನ ಕೋಚ್ ಜಾನ್ ಕಾಲಿಪಾರಿ ಎದ್ದು ಅರ್ಕನ್ಸಾ ವಿಶ್ವವಿದ್ಯಾಲಯಕ್ಕೆ ಹೋದದ್ದು. 2009ರಲ್ಲಿ ಕಾಲಿಪಾರಿ ಬಂದಾಗಲೂ ಊರು ಹೀಗೇ ಕುಣಿದಿತ್ತು. ಅವರು ಸುಳ್ಳು ಮಾಡಲಿಲ್ಲ, 2012ರಲ್ಲಿ ಆಂಥೊನಿ ಡೇವಿಸ್ ಎಂಬ ಹುಡುಗನನ್ನು ಇಟ್ಟುಕೊಂಡು ಚಾಂಪಿಯನ್ ಮಾಡಿದರು. 2015ರಲ್ಲಿ ಸತತ 38 ಪಂದ್ಯ ಗೆದ್ದು 39ನೆಯದರಲ್ಲಿ ಸೋತರು. ಆಮೇಲೆ ಇಳಿಜಾರು. 2022ರಲ್ಲಿ ಸೇಂಟ್ ಪೀಟರ್ಸ್, 2024ರಲ್ಲಿ ಓಕ್ಲಂಡ್: ಹೆಚ್ಚಿನವರು ಕೇಳಿಯೂ ಇಲ್ಲದ ಪುಟ್ಟ ಕಾಲೇಜುಗಳ ಎದುರು ಮೊದಲ ಸುತ್ತಿನಲ್ಲೇ ಮಣ್ಣುಮುಕ್ಕಿದ್ದಾಯಿತು. ಅವರಿಗೂ ಹಿಂದೆ, 2007ರಲ್ಲಿ, ಬಿಲ್ಲಿ ಗಿಲಿಸ್ಪಿ ಬಂದಿದ್ದರು. ಅವರ ಮೇಲಿನ ಭರವಸೆಯ ಆಯುಸ್ಸು ಇನ್ನೂ ಕಡಿಮೆ. ಎರಡನೆಯ ಪಂದ್ಯದಲ್ಲೇ ಗಾರ್ಡ್‌ನರ್-ವೆಬ್ ಎಂಬ ಸಣ್ಣ ಕಾಲೇಜು ರಪ್ ಅರೀನಾಕ್ಕೇ ಬಂದು 84–68ರಿಂದ ಹೊಡೆದು ಹೋಯಿತು. ಎರಡು ವರ್ಷಕ್ಕೆ ಗಿಲಿಸ್ಪಿ ಮನೆಗೆ.

ಇವೆಲ್ಲ ಅಭಿಮಾನಿಗಳಿಗೆ ತಿಳಿಯದ್ದೇನಲ್ಲ. ನನಗೆ ಹೇಳಿದವನೇ ನನ್ನ ಅಳಿಯ, ಅಂಕಗಳ ಸಮೇತ. ಮರೆವಿನಿಂದ ಹುಟ್ಟುವ ಆಸೆ ಇದು ಎನ್ನುವವರು ಅಭಿಮಾನಿಯ ಜ್ಞಾಪಕಶಕ್ತಿಯನ್ನು ಕಂಡವರಲ್ಲ. ಅವನು ಎಲ್ಲ ಸೋಲುಗಳನ್ನೂ ತೆರಿಗೆ ರಸೀದಿಯಂತೆ ಜೋಪಾನ ಮಾಡಿರುತ್ತಾನೆ. ಹೊಸ ಕೋಚ್ ಬಂದ ದಿನ ಆ ಕಟ್ಟನ್ನೆಲ್ಲ ಹಳೆಯ ಕೋಚ್ ಹೆಸರಿನ ಕಡತಕ್ಕೆ ಹಾಕಿ ಬೀಗ ಜಡಿಯುತ್ತಾನೆ. ಹೊಸಬರ ಖಾತೆಯಲ್ಲಿ ಗೆಲುವು ಸೊನ್ನೆ, ಸೋಲು ಸೊನ್ನೆ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಏಳು ತಿಂಗಳು ಆ ಎರಡು ಸೊನ್ನೆಗಳು ಹಾಗೇ ಇರುತ್ತವೆ, ಯಾರೂ ಅಲ್ಲಾಡಿಸುವಂತಿಲ್ಲ. ಕ್ರೀಡೆಯಲ್ಲಿ ಇದಕ್ಕಿಂತ ನೆಮ್ಮದಿಯ ಕಾಲ ಬೇರೆ ಇಲ್ಲ ಎಂದೇ ನನ್ನ ಅಭಿಪ್ರಾಯ. ಆಟ ಶುರುವಾಗುವುದೇ ಒಂದು ಅನ್ಯಾಯ.

ಆ ಏಳು ತಿಂಗಳು ನಮ್ಮ ಹುಡುಗನ ಫೋನಿನಲ್ಲಿ ಕೇಳಿದ ಹೆಸರುಗಳು ಒಂದೆರಡಲ್ಲ. ತಂಡವೇ ಇರಲಿಲ್ಲ ಎಂದೆನಲ್ಲ: ಕಾಲಿಪಾರಿ ಹೋದ ಮೇಲೆ ಇದ್ದವರು ಒಬ್ಬೊಬ್ಬರಾಗಿ ಎಲ್ಲೆಲ್ಲೋ ಚದುರಿದರು, ಪೋಪ್ ಹೆಚ್ಚುಕಡಿಮೆ ಖಾಲಿ ಮನೆಗೆ ಗೃಹಪ್ರವೇಶ ಮಾಡಿದರು. ಸ್ಯಾನ್ ಡಿಯಾಗೊದಿಂದ ಲಾಮಾಂಟ್ ಬಟ್ಲರ್, ಡೇಟನ್‌ನಿಂದ ಕೋಬಿ ಬ್ರೇ, ಡ್ರೆಕ್ಸೆಲ್‌ನಿಂದ ಅಮಾರಿ ವಿಲಿಯಮ್ಸ್, ಒಕ್ಲಹೋಮಾದಿಂದ ಒಟೇಗಾ ಓವೆ ಬಂದರು. ಒಬ್ಬೊಬ್ಬರು ಬಂದಾಗಲೂ "ಮಾವ, ಇವನು ಬಂದ ಮೇಲೆ ಮುಗೀತು" ಎನ್ನುವನು. ಏನು ಮುಗಿಯಿತು ಎಂದು ನಾನು ಕೇಳುತ್ತಿರಲಿಲ್ಲ. ಹೆಚ್ಚು ಸಂಭ್ರಮ ಮಾತ್ರ ಇಬ್ಬರು ಸ್ಥಳೀಯ ಹುಡುಗರದ್ದು: ಗಣಿ ಸೀಮೆಯ ಹಾರ್ಲನ್ ಕೌಂಟಿಯ ಟ್ರೆಂಟ್ ನೋವಾ ಮತ್ತು ಹೈಸ್ಕೂಲು ಮಟ್ಟದಲ್ಲಿ ರಾಜ್ಯದ ಇತಿಹಾಸದಲ್ಲೇ ಅತಿ ಹೆಚ್ಚು ಅಂಕ ಗಳಿಸಿದ್ದ ಟ್ರಾವಿಸ್ ಪೆರಿ. ಪೆರಿ ಒಂದೇ ವರ್ಷ ಇದ್ದು ಮಿಸಿಸಿಪಿಯ ಕಾಲೇಜಿಗೆ ಹೊರಟುಹೋದ.

ಮೊದಲ ಸೀಸನ್ ಚೆನ್ನಾಗಿಯೇ ಆಯಿತು. ನವೆಂಬರ್‌ನಲ್ಲಿ ಡ್ಯೂಕ್ ತಂಡವನ್ನು 77–72ರಿಂದ ಮಣಿಸಿದಾಗ ನಮ್ಮ ಹುಡುಗ ಫೋನಿನಲ್ಲಿ ಮಾತಾಡಲಿಲ್ಲ, ಬರೀ ಕೂಗಿದ. ಫೆಬ್ರುವರಿ 1ರಂದು ಕಾಲಿಪಾರಿ ಅರ್ಕನ್ಸಾ ತಂಡ ಕಟ್ಟಿಕೊಂಡು ರಪ್ ಅರೀನಾಕ್ಕೆ ಬಂದರು. ಹದಿನೈದು ವರ್ಷ ಉಂಡ ಮನೆ. ಜನ ಅವರನ್ನು ಕಿವಿಗಡಚಿಕ್ಕುವಂತೆ ಹೀಯಾಳಿಸಿದರು. ಅವರು ಶಾಂತವಾಗಿ 89–79ರಿಂದ ಗೆದ್ದು ಹೋದರು. ಆ ಬೆಳಿಗ್ಗೆ ನನಗೆ ಫೋನು ಬರಲಿಲ್ಲ. ನಾನೇ ಮಾಡಿದರೆ, "ಅದು ಬಿಡಿ ಮಾವ, ಬಟ್ಲರ್‌ಗೆ ಗಾಯವಾಗಿತ್ತು" ಅಂದ. ಮಾರ್ಚ್‌ನಲ್ಲಿ ಕೊನೆಯ ಹದಿನಾರು ತಂಡಗಳ ಹಂತದವರೆಗೆ ಹೋದರು. 2019ರ ನಂತರ ಅದೇ ಮೊದಲು. ಅಲ್ಲಿ ಎದುರಾದದ್ದು ಆ ವರ್ಷ ಕೆಂಟಕಿ ಆಗಲೇ ಎರಡು ಸಲ ಸೋಲಿಸಿದ್ದ ಟೆನಿಸಿ ತಂಡ. ಮೂರನೆಯ ಸಲ ಆಗಲಿಲ್ಲ.

ಎರಡನೆಯ ಸೀಸನ್ನಿನ ಡಿಸೆಂಬರ್‌ನಲ್ಲಿ ನ್ಯಾಶ್‌ವಿಲ್‌ನಲ್ಲಿ ಗೊನ್ಜಾಗಾ ತಂಡದ ಎದುರು 94–59ರ ಸೋಲು. ನೀಲಿ ಅಂಗಿಯವರು ತಮ್ಮ ತಂಡವನ್ನೇ ಬೂ ಎಂದು ಕೂಗಿ ಕಳಿಸಿದರು. ಟ್ರೋಫಿ ಹಿಡಿದು ಬಸ್ಸಿಳಿದವರನ್ನು ಕಂಡು ಅತ್ತವರೂ ಆ ಗುಂಪಿನಲ್ಲಿ ಇದ್ದಿರಲೇಬೇಕು. ಆವತ್ತಿನ ನಮ್ಮ ಬೆಳಿಗ್ಗೆ ಫೋನು ಬಂತು. ಸಮಾಧಾನ ಹೇಳೋಣ ಎಂದು ಗಂಟಲು ಸರಿಮಾಡಿಕೊಂಡೆ. ಅವನು ಅವಕಾಶವನ್ನೇ ಕೊಡಲಿಲ್ಲ. ಒಂದು ವೇಳೆ ಕೋಚ್ ಬದಲಾಯಿಸುವುದಾದರೆ ಅಂತ ಒಂದು ಪಟ್ಟಿ ಸಿದ್ಧವಿತ್ತು, ಅದರಲ್ಲಿ ಮೂರು ಹೆಸರು. ಮೊದಲನೆಯವರ ಗುಣಗಾನ ಹತ್ತು ನಿಮಿಷ ನಡೆಯಿತು.

"ಅವರು ದೊಡ್ಡ ಟೂರ್ನಿಯಲ್ಲಿ ಎಷ್ಟು ಗೆದ್ದಿದ್ದಾರಪ್ಪಾ?" ಎಂದು ಕೇಳಿದೆ.

"ಗೆದ್ದಿಲ್ಲ ಮಾವ. ಆದರೆ ಪಾಪ, ಅವರು ಇರೋ ಕಾಲೇಜು ಎಂಥದ್ದು ಅಂತ ನಿಮಗೆ ಗೊತ್ತಿಲ್ಲ..."