ಟವರ್ ಬೇಡವೆಂದ ಊರಿನಲ್ಲಿ ಕಿವಿಗೊತ್ತಿದ ಫೋನು

ಮಲೆನಾಡಿನ ನಮ್ಮೂರಿನಲ್ಲಿ ಮೊಬೈಲ್ ಟವರ್‌ಗೆ ಜಾಗ ಗೊತ್ತುಮಾಡಿದ್ದಾಗ, ರೇಡಿಯೇಷನ್ನಿನ ಭಯದಿಂದ ಹಲವರು ವಿರೋಧಿಸಿದ್ದರಿಂದ ಆ ಕೆಲಸ ಅಲ್ಲಿಗೇ ನಿಂತಿತು. ಅವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಕ್ಕಳಿರುವ ಮನೆಯವರು ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಅಮ್ಮ ಇಂದಿಗೂ ತುಳಸಿಕಟ್ಟೆಯ ಪಕ್ಕದಲ್ಲಿ, ಒಂದೇ ಒಂದು ಕಡ್ಡಿ ಸಿಗ್ನಲ್ ಸಿಗುವ ಆ ಮೂಲೆಯಲ್ಲಿ ನಿಂತು, ಫೋನನ್ನು ಕಿವಿಗೊತ್ತಿಕೊಂಡು ಅರ್ಧ ಗಂಟೆ ಚಿಕ್ಕಮ್ಮನೊಡನೆ ಮಾತನಾಡುವುದನ್ನು ಕಂಡಾಗಲೆಲ್ಲ, ನಾವು ಹೆದರಬೇಕಾದದ್ದನ್ನು ಬಿಟ್ಟು ಬೇರೆಯದಕ್ಕೆ ಹೆದರಿದೆವು ಎನಿಸುತ್ತದೆ.

ಟವರಿನಂತೆಯೇ ಫೋನೂ ರೇಡಿಯೊ ತರಂಗಗಳನ್ನು ಹೊಮ್ಮಿಸುತ್ತದೆ. ಟವರ್ ಹತ್ತಿರವಿದ್ದರೆ ಫೋನು ತನ್ನ ಶಕ್ತಿಯನ್ನು ತಗ್ಗಿಸಿಕೊಳ್ಳುತ್ತದೆ. ದೂರವಿದ್ದರೆ, ನಡುವೆ ಗುಡ್ಡ ಅಡ್ಡವಿದ್ದರೆ, ಹೆಚ್ಚಿಸಿಕೊಳ್ಳುತ್ತದೆ. 900 ಮೆಗಾಹರ್ಟ್ಸ್‌ನ 2ಜಿ ಫೋನು ಗರಿಷ್ಠ 2 ವ್ಯಾಟ್‌ವರೆಗೂ ಹೋಗಬಲ್ಲದು. ಟವರಿನ ತರಂಗ ನಮ್ಮನ್ನು ಮುಟ್ಟುವ ಹೊತ್ತಿಗೆ ಬಹಳಷ್ಟು ಕ್ಷೀಣಿಸಿರುತ್ತದೆ, ಫೋನು ಮಾತ್ರ ಕೆನ್ನೆಗೇ ತಾಗಿಕೊಂಡಿರುತ್ತದೆ. (ಮಾತನಾಡುವಾಗ ಕಿವಿ ಬೆಚ್ಚಗಾಗುವುದು ಬಹುಮಟ್ಟಿಗೆ ಬ್ಯಾಟರಿಯ ಮತ್ತು ಒಳಗಿನ ಬಿಡಿಭಾಗಗಳ ಬಿಸಿಯಿಂದ, ಅದನ್ನು ತರಂಗದ ಅಳತೆ ಎಂದುಕೊಳ್ಳಬಾರದು.)

ನಮ್ಮ ದೇಶದಲ್ಲಿ 2012ರ ಸೆಪ್ಟೆಂಬರ್ 1ರಿಂದ ಎರಡಕ್ಕೂ ಮಿತಿಯನ್ನು ಬಿಗಿಗೊಳಿಸಲಾಯಿತು. ಟವರ್‌ಗಳ ಮಿತಿಯನ್ನು ಅಂತರರಾಷ್ಟ್ರೀಯ ಮಾರ್ಗಸೂಚಿಯ ಹತ್ತನೇ ಒಂದು ಭಾಗಕ್ಕೆ ಇಳಿಸಲಾಯಿತು. ಫೋನಿನಿಂದ ದೇಹ ಹೀರಿಕೊಳ್ಳುವ ಶಕ್ತಿ, ಅಂದರೆ ಎಸ್‌ಎಆರ್, ಕಿಲೋಗ್ರಾಂಗೆ 1.6 ವ್ಯಾಟ್ ಮೀರಬಾರದೆಂದಾಯಿತು. ಸ್ಟಾರ್, ಹ್ಯಾಶ್, 07, ಹ್ಯಾಶ್ ಒತ್ತಿದರೆ ಅನೇಕ ಫೋನುಗಳಲ್ಲಿ ಈ ಅಂಕಿ ಕಾಣಿಸುತ್ತದೆ.

ಕ್ಯಾನ್ಸರಿನ ಮಾತು ಬಂದಾಗ 2011ರ ವರ್ಗೀಕರಣವನ್ನೇ ಎಲ್ಲರೂ ಎತ್ತುತ್ತಾರೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ತರಂಗಗಳನ್ನು ‘2ಬಿ’ ಗುಂಪಿಗೆ ಸೇರಿಸಿದ್ದು ನಿಜ. ಕ್ಯಾನ್ಸರ್ ಉಂಟುಮಾಡುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ, ಆದರೆ ಪುರಾವೆ ಸೀಮಿತ ಎಂಬುದು ಅದರ ಅರ್ಥ. ವಿಶ್ವ ಆರೋಗ್ಯ ಸಂಸ್ಥೆಯೇ ಮಾಡಿಸಿ 2024ರಲ್ಲಿ ಪ್ರಕಟವಾದ ಸಮಗ್ರ ಪರಾಮರ್ಶೆಯಲ್ಲಿ, ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ನಂಟು ಕಂಡುಬರಲಿಲ್ಲ. ಹೆದರಿಸುವ ಸಂದೇಶಗಳನ್ನು ಹಂಚುವವರು ಇದನ್ನೂ ಹಂಚಬೇಕೆಂಬುದು ನನ್ನ ಒತ್ತಾಯ.

ಹಾಗೆಂದು ಎಚ್ಚರಿಕೆ ಬೇಡವೆನ್ನುವುದಿಲ್ಲ, ಅದಕ್ಕೆ ತಗಲುವ ಖರ್ಚೂ ಅಲ್ಪ. ಕಳೆದ ಸಲ ಊರಿಗೆ ಹೋದಾಗ ಅಮ್ಮನಿಗೆ ತಂತಿಯ ಇಯರ್‌ಫೋನ್ ಕೊಟ್ಟುಬಂದೆ. ಈಗ ಫೋನು ತುಳಸಿಕಟ್ಟೆಯ ಮೇಲಿರುತ್ತದೆ, ಅವರು ಪಕ್ಕದ ಜಗಲಿಯಲ್ಲಿ ಕೂತು ಮಾತನಾಡುತ್ತಾರೆ. ಮುಂದಿನ ಗ್ರಾಮಸಭೆಯಲ್ಲಿ ಟವರಿನ ವಿಷಯ ಮತ್ತೆ ಬಂದರೆ, ನಾನು ಎದ್ದು ನಿಂತು ಅದು ಬೇಕೆಂದೇ ಹೇಳುತ್ತೇನೆ. ಜೊತೆಗೆ, ಹಾಕಿದ ಮೇಲೆ ತರಂಗದ ಅಳತೆ ಮಾಡಿಸಿ ಊರವರಿಗೆ ತೋರಿಸಬೇಕೆಂದೂ ಕೇಳುತ್ತೇನೆ.