ತುಪ್ಪ ಸುರಿದ ಮಾತ್ರಕ್ಕೆ ಕಾಶ್ಮೀರಿ ಆಗಲ್ಲ

ನಿನ್ನೆ ಬೆಂಗಳೂರಲ್ಲಿ ಒಂದು ರಿಸೆಪ್ಷನ್‌ಗೆ ಹೋಗಿದ್ದೆ. ಊಟದ ಹಾಲ್‌ನಲ್ಲಿ 'ಕಾಶ್ಮೀರಿ ಕೌಂಟರ್' ಅಂತ ಬೋರ್ಡ್ ಕಂಡಿತು. ಮೂರು ವರ್ಷ ಶ್ರೀನಗರದಲ್ಲಿ ಇದ್ದವಳು ನಾನು, ಬೇರೆ ಏನನ್ನೂ ನೋಡದೆ ಅಲ್ಲೇ ಹೋಗಿ ನಿಂತೆ.

ಟೊಮೆಟೊ, ಗೋಡಂಬಿ, ಕ್ರೀಮ್ ಹಾಕಿದ ದಮ್ ಆಲೂ. ಪಕ್ಕದಲ್ಲಿ ಅನಾನಸ್, ಚೆರ್ರಿ ಹಾಕಿದ ಪುಲಾವ್. ಬಡಿಸುವ ಹುಡುಗ ಎರಡರ ಮೇಲೂ ಸೌಟು ಸೌಟು ತುಪ್ಪ ಸುರಿಯುತ್ತಿದ್ದ. ಸಾಕಪ್ಪ ಅಂದೆ. "ಕಾಶ್ಮೀರಿ ಅಂದ್ರೆ ತುಪ್ಪ ಜಾಸ್ತಿನೇ ಮೇಡಂ" ಅಂದ. ಅವನ ಮೇಲೆ ನನಗೆ ಕೋಪವಿಲ್ಲ. ಅವನಿಗೆ ಹಾಗೆ ಹೇಳಿಕೊಟ್ಟವರ ಮೇಲೆ ಇದೆ, ಇನ್ನೂ ಇಳಿದಿಲ್ಲ.

ಕಾಶ್ಮೀರದ ದಿನನಿತ್ಯದ ಅಡುಗೆ ಸಾಸಿವೆ ಎಣ್ಣೆಯದು. ಭತ್ತ ಕೊಯ್ದ ಮೇಲೆ ಅದೇ ಗದ್ದೆಗೆ ಸಾಸಿವೆ ಚೆಲ್ಲುತ್ತಾರೆ. ಮಾರ್ಚ್ ಕೊನೆಗೆ, ಏಪ್ರಿಲ್‌ಗೆ ಕಣಿವೆ ತುಂಬ ಹಳದಿ. ಡಿಸೆಂಬರ್ 21ರಿಂದ 40 ದಿನ ಚಿಲ್ಲೈ ಕಲಾನ್, ನಲ್ಲಿಯ ನೀರು ಪೈಪಿನೊಳಗೇ ಗಟ್ಟಿಯಾಗುವ ಚಳಿ. ಆಗ ತುಪ್ಪದ ಡಬ್ಬಿಗೆ ಚಮಚ ಇಳಿಯುವುದಿಲ್ಲ. ಸಾಸಿವೆ ಎಣ್ಣೆ ಮಾತ್ರ ಸಲೀಸಾಗಿ ಸುರಿಯುತ್ತದೆ.

ಅಲ್ಲಿ ದಿನಾ ತಿನ್ನುವುದು ಹಾಖ್ ಸೊಪ್ಪು ಮತ್ತು ಅನ್ನ. ಸಾಸಿವೆ ಎಣ್ಣೆ, ಇಂಗು, ಮೆಣಸಿನಕಾಯಿ, ಉಪ್ಪು, ನೀರು. ಅಷ್ಟೇ. ಕಾಶ್ಮೀರಿ ಪಂಡಿತರ ಮನೆಯ ದಮ್ ಆಲೂಗೆ ಆಲೂಗಡ್ಡೆಯನ್ನು ಚುಚ್ಚಿ ಚುಚ್ಚಿ ಸಾಸಿವೆ ಎಣ್ಣೆಯಲ್ಲೇ ಕೆಂಪಗೆ ಕರಿಯುತ್ತಾರೆ. ಆಮೇಲೆ ಮೆಣಸಿನಪುಡಿ, ಸೋಂಪಿನ ಪುಡಿ, ಒಣಶುಂಠಿ. ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಕ್ರೀಮ್ ಎಲ್ಲಿಂದ ಬಂತು? ಹುಟ್ಟುಹಬ್ಬಕ್ಕೆ, ಶುಭ ದಿನಕ್ಕೆ ಮಾಡುವ ತಹರ್ ಅನ್ನೋ ಹಳದಿ ಅನ್ನಕ್ಕೂ ಕಾಯಿಸಿದ ಸಾಸಿವೆ ಎಣ್ಣೆಯೇ.

ಇದು ನಮಗೆ ಬೇಗ ಒಗ್ಗುವುದಿಲ್ಲ. ಎಲೆಗೆ ತುಪ್ಪದ ಅಭಿಗಾರ ಆಗದೆ ನಮ್ಮಮ್ಮ ಯಾರನ್ನೂ ಊಟಕ್ಕೆ ಕೈ ಹಾಕಲು ಬಿಡುತ್ತಿರಲಿಲ್ಲ. ಅದೇ ಅಭ್ಯಾಸದಲ್ಲಿ ಶ್ರೀನಗರದ ಮೊದಲ ತಿಂಗಳು, ಮನೆ ಮಾಲೀಕರ ಹೆಂಡತಿ ಕೊಟ್ಟ ಹಾಖ್‌ಗೆ ಅವರ ಎದುರೇ ಒಂದು ಚಮಚ ತುಪ್ಪ ಹಾಕಿಕೊಂಡೆ. ಅವರನ್ನು ನಾನು ಆಪಾ, ಅಂದರೆ ಅಕ್ಕ, ಅನ್ನುತ್ತಿದ್ದೆ. ಆಪಾ ಏನೂ ಅನ್ನಲಿಲ್ಲ. ಮರುದಿನ ನನ್ನನ್ನು ಒಲೆ ಹತ್ತಿರ ನಿಲ್ಲಿಸಿಕೊಂಡು, ಎಣ್ಣೆ ಹೊಗೆಯಾಡುವ ತನಕ ಹೇಗೆ ಕಾಯಿಸಬೇಕು ಅಂತ ತೋರಿಸಿದರು. ಅವತ್ತು ನನಗಾದ ನಾಚಿಕೆ ಈಗಲೂ ಹಾಗೇ ಇದೆ. ನಿನ್ನೆ ಅಷ್ಟು ಸಿಟ್ಟು ಬಂದದ್ದು ಅದಕ್ಕೇ ಇರಬೇಕು.

ಹಾಗಂತ ಅಲ್ಲಿ ತುಪ್ಪ ಇಲ್ಲ ಅಂತಲ್ಲ. ಕಾಶ್ಮೀರಿಯಲ್ಲಿ ಅದಕ್ಕೆ 'ಗ್ಯವ್' ಅನ್ನುತ್ತಾರೆ. ಅದಕ್ಕೆ ಅದರದ್ದೇ ಜಾಗ ಇದೆ. ಆಪಾ ಮನೆಯ ಮದುವೆಯಲ್ಲಿ ವಾಜಾಗಳು, ಅಂದರೆ ವಾಜ್ವಾನ್ ಅನ್ನೋ ಮದುವೆಯ ಮಾಂಸದೂಟ ಮಾಡುವ ಅಡುಗೆಯವರು, ಅಂಗಳದಲ್ಲಿ ಸಾಲಾಗಿ ಸೌದೆ ಒಲೆ ಹೂಡಿದ್ದರು. ಕಲಾಯಿ ಹಾಕಿದ ದೊಡ್ಡ ದೊಡ್ಡ ತಾಮ್ರದ ಪಾತ್ರೆಗಳು. ತಬಕ್ ಮಾಜ್‌ಗೆ ಕುರಿಯ ಪಕ್ಕೆಲುಬನ್ನು ಮೊದಲು ಮಸಾಲೆ ನೀರಲ್ಲಿ ಬೇಯಿಸಿ, ಆಮೇಲೆ ತುಪ್ಪದಲ್ಲಿ ಹುರಿದರು. ಹೊರಗೆ ಗರಿಗರಿ, ಒಳಗೆ ಬೆಣ್ಣೆಯ ಹಾಗೆ ಮೆತ್ತಗೆ. ನಾಲ್ಕು ಜನಕ್ಕೆ ಒಂದು ತ್ರಾಮಿ, ಎಲ್ಲರೂ ಅದೇ ತಟ್ಟೆಗೆ ಕೈ ಹಾಕಬೇಕು. ನಾನು ಮೊದಲ ಸಲ ಮಾಂಸ ತಿಂದದ್ದು ಅವತ್ತೇ. ಅಮ್ಮ ಇರುವ ತನಕ ಇದನ್ನು ಹೇಳಲು ಧೈರ್ಯ ಬರಲಿಲ್ಲ. ಇವತ್ತು ಹೇಳಿಬಿಟ್ಟೆ.

ಇನ್ನೊಂದು ಮೋದುರ್ ಪುಲಾವ್. ಅಕ್ಕಿ, ಸಕ್ಕರೆ, ಕೇಸರಿ, ಒಣಹಣ್ಣು, ಜೊತೆಗೆ ಧಾರಾಳ ತುಪ್ಪ. ಅಲ್ಲಿ ತುಪ್ಪ ಇಲ್ಲದಿದ್ದರೆ ಆಗುವುದೇ ಇಲ್ಲ. ಕೇಸರಿಯ ಪರಿಮಳವನ್ನು ಹಿಡಿದಿಡುವುದೇ ಅದು. ಹಬ್ಬಕ್ಕೆ, ಮದುವೆಗೆ ಅಂತ ಎತ್ತಿಟ್ಟ ರುಚಿಯನ್ನು ಎಲ್ಲದರ ಮೇಲೂ ಸುರಿದರೆ ಸಾಸಿವೆ ಎಣ್ಣೆಯ ಸೊಗಡೂ ಹೋಯಿತು, ತುಪ್ಪದ ಬೆಲೆಯೂ ಹೋಯಿತು. ನನ್ನ ಸಂಕಟ ಇಷ್ಟೇ.

ಗೆಳತಿಯೊಬ್ಬಳು ರಾತ್ರಿಯೇ ಮೆಸೇಜ್ ಮಾಡಿದಳು. "ಸಾಸಿವೆ ಎಣ್ಣೆ ವಾಸನೆ ಇಲ್ಲಿ ಯಾರಿಗೆ ಇಷ್ಟ ಆಗುತ್ತೆ? ಊರಿಗೆ ತಕ್ಕಂತೆ ಅಡುಗೆ ಬದಲಾಗಲ್ವಾ?" ಬದಲಾಗಲಿ. ಆದರೆ ಆ ಹಸಿ ಘಾಟು ಚೆನ್ನಾಗಿ ಕಾಯಿಸಿದರೆ ಹೋಗುತ್ತದೆ, ಹತ್ತು ನಿಮಿಷದ ಕೆಲಸ. ಅದನ್ನೂ ಮಾಡದೆ ತುಪ್ಪ ಸುರಿದು ಮೇಲೆ ಕಾಶ್ಮೀರಿ ಅಂತ ಬೋರ್ಡ್ ಹಾಕುವುದು ಬದಲಾವಣೆ ಅಲ್ಲ. ಹುಣಸೆಹಣ್ಣು ಬಿಟ್ಟು ವಿನೆಗರ್ ಹಾಕಿದ್ದನ್ನು ಯಾರಾದರೂ ನಮ್ಮ ಸಾರು ಅಂದರೆ ನಾವು ಸುಮ್ನೆ ಇರ್ತೀವಾ?

ಈ ಭಾನುವಾರ ಮಧ್ಯಾಹ್ನ ಮನೆಗೆ ಬನ್ನಿ. ಹಾಖ್ ಇಲ್ಲಿ ಸಿಗಲ್ಲ, ನವಿಲುಕೋಸಿನ ಎಲೆಯಲ್ಲಿ ಮಾಡುತ್ತೇನೆ. ದಮ್ ಆಲೂ ಇರುತ್ತದೆ. ಎಣ್ಣೆ ಕಾಯಿಸುವಾಗ ಸ್ವಲ್ಪ ಹೊಗೆ ಬರುತ್ತದೆ, ಕಿಟಕಿ ತೆಗೆದಿಟ್ಟಿರುತ್ತೇನೆ. ತುಪ್ಪದ ಡಬ್ಬಿ ಕೆಳಗೆ ಇಳಿಯುವುದು ಕೊನೆಯಲ್ಲಿ, ಮೋದುರ್ ಪುಲಾವ್‌ಗೆ.